ಸರ್ ಆಗಿದ್ದ ಫ್ರಿಜ್ಜು ಸರ್ವರ್ ಆದದ್ದು

ಥಂಡಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಫ್ರಿಜ್ಜು ರಿಪೇರಿ ಮಾಡುವವನಿಗೆ ಬೀದಿಯವರು ಪ್ರೀತಿಯಿಂದ ಇಟ್ಟ ಹೆಸರು. ಪ್ರೀತಿ ಎಷ್ಟು ಬೆಳೆಯಿತೆಂದರೆ, ಅವನ ಅಂಗಡಿಗೆ ಬೋರ್ಡು ಬರೆಯಲು ಬಂದ ಪೇಂಟರ್ ಕೂಡ ಒಂದು ಮಾತು ಕೇಳದೆ ಅದನ್ನೇ ಬರೆದು ಹೋದ. ಥಂಡಪ್ಪ ಬೀದಿಗಿಳಿದು ಬೋರ್ಡನ್ನು ನೋಡಿದ, "ಅಕ್ಷರ ದುಂಡಗಿದೆ" ಅಂದ, ಒಳಗೆ ಹೋದ. ಜಗಳ ಅವನ ಜಾಯಮಾನದಲ್ಲಿ ಇರಲಿಲ್ಲ. ಬಿಸಿಯಾದದ್ದನ್ನು ತಣ್ಣಗೆ ಮಾಡುವುದೇ ಕಸುಬಾದವನಿಗೆ ಆ ತಂಪು ಕೈಯಿಂದ ಮೈಗೂ ಹತ್ತಿಬಿಟ್ಟಿತ್ತು.

ಅವನಿಗಿದ್ದ ಒಂದೇ ಒಂದು ಖಯಾಲಿ ಕ್ಯಾಮೆರಾ. ಕ್ಯಾಸೆಟ್ಟು ತುರುಕಿ ಹೆಗಲ ಮೇಲೆ ಹೊರಬೇಕಾದ ಹಳೇ ವಿಡಿಯೋ ಕ್ಯಾಮೆರಾ. ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಯಾರದೋ ಹರಾಜಿನಲ್ಲಿ ತಂದದ್ದು. ಅದು ಮನೆಗೆ ಬಂದ ಮೇಲೆ ಮನೆಯಲ್ಲಿ ಯಾರೂ ಸುಮ್ಮನೆ ನಡೆಯುವಂತಿರಲಿಲ್ಲ, ಸುಮ್ಮನೆ ಸೀನುವಂತಿರಲಿಲ್ಲ. ಮಗಳು ಗೋಡೆ ಹಿಡಿದು ನಡೆದದ್ದು, ಅಮ್ಮ ಸೂಜಿಗೆ ದಾರ ಪೋಣಿಸಲು ಹೋಗಿ ಸೂಜಿಯನ್ನೇ ಕಳೆದದ್ದು, ಹೆಂಡತಿ "ಸಾಕು ನಿಲ್ಲಿಸ್ರೀ" ಅಂತ ಅಂಗೈಯಿಂದ ಲೆನ್ಸು ಮುಚ್ಚಿದ್ದು, ಎಲ್ಲವೂ ಕ್ಯಾಸೆಟ್ಟಿಗೆ ಹೋಯಿತು. ಮನೆಯವರನ್ನೆಲ್ಲ ತೆಗೆದವನು ಅವನೇ. ತೆಗೆಯುವವನು ಎಂದೂ ಒಳಗೆ ಇರುವುದಿಲ್ಲ, ಹೊರಗೇ ನಿಂತಿರುತ್ತಾನೆ. ಅಷ್ಟೂ ಕ್ಯಾಸೆಟ್ಟುಗಳಲ್ಲಿ ಥಂಡಪ್ಪ ಬರೀ ದನಿ. ಆ ದನಿಗೆ ಇದ್ದದ್ದು ಒಂದೇ ಡೈಲಾಗು: "ಸ್ವಲ್ಪ ಹಿಂದೆ... ಇನ್ನೂ ಸ್ವಲ್ಪ ಹಿಂದೆ..."

ಒಮ್ಮೆ ಕೆರೆಯ ದಂಡೆಗೆ ಎಲ್ಲರೂ ಊಟ ಕಟ್ಟಿಕೊಂಡು ಹೋಗಿದ್ದಾಗ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಈ ಡೈಲಾಗನ್ನು ಅಕ್ಷರಶಃ ಪಾಲಿಸಿ ಹಿಂದೆ ಹಿಂದೆ ಹೋಗಿ ನೀರಿಗೆ ಬಿದ್ದ. ಅದೂ ಕ್ಯಾಸೆಟ್ಟಿನಲ್ಲಿದೆ. "ಫ್ರೇಮಿಗೆ ಚೆನ್ನಾಗಿ ಬಂದ್ರಿ" ಅಂತ ಥಂಡಪ್ಪ ಹೇಳುವುದೂ ಕೇಳುತ್ತದೆ. ಷಡ್ಡಕ ನಕ್ಕ. ಒದ್ದೆಯಾದವನ ನಗು ಒಣಗಲು ಎಷ್ಟು ವರ್ಷ ಹಿಡಿಯುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಕಾಲ ಸರಿಯಿತು. ಮಗಳು ಕಾಲೇಜಿಗೆ ಹೋದಳು, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಮನೆಯಲ್ಲಿ ಸಂಜೆ ಹೊತ್ತು ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಫೋನು, ಪ್ರತಿಯೊಂದು ಫೋನಿನಲ್ಲೂ ಒಂದೊಂದು ಸಿನಿಮಾ. ಒಂದೇ ಸೋಫಾದ ಮೇಲೆ ಒಬ್ಬರು ಅಳುತ್ತಿದ್ದರೆ ಇನ್ನೊಬ್ಬರು ನಗುತ್ತಿದ್ದರು. ಥಂಡಪ್ಪನಿಗೆ ಇದು ಸರಿಬರಲಿಲ್ಲ.

"ಒಂದು ಸರ್ವರ್ ಮಾಡೋಣ ಅಂತಿದ್ದೀನಿ," ಅಂದ ಒಂದು ದಿನ. "ಹಳೇ ಕ್ಯಾಸೆಟ್ಟೆಲ್ಲ ಅದರೊಳಗೆ. ಜೊತೆಗೆ ನಾಲ್ಕು ಒಳ್ಳೇ ಸಿನಿಮಾ. ಭಾನುವಾರ ಸಂಜೆ ಎಲ್ಲರೂ ಕೂತು ಒಂದೇ ನೋಡೋದು."

ಮೂಲೆಯಲ್ಲಿ ಕೂತಿದ್ದ ಅಮ್ಮನ ಕಿವಿಗೆ ಅರ್ಧ ಬಿತ್ತು. "ಸರ್ವರ್ ಬಂದನಾ? ಹಾಗಾದ್ರೆ ಒಂದು ಲೋಟ ನೀರು ತರಕ್ಕೆ ಹೇಳು. ಆಗಿಂದ ಕೇಳ್ತಾ ಇದೀನಿ, ಯಾರೂ ತರ್ತಾ ಇಲ್ಲ."

ಆ ಮನೆಯಲ್ಲಿ ಬಜೆಟ್ಟು ಎಂದರೆ ಹೆಂಡತಿಯ ಎಡಹುಬ್ಬು. ಅದು ನೆಟ್ಟಗಿದ್ದರೆ ಮಂಜೂರು, ಸ್ವಲ್ಪ ಏರಿದರೆ ಮರುಪರಿಶೀಲನೆ, ಹಣೆಯ ನಡುಮಧ್ಯಕ್ಕೆ ಬಂದರೆ ವಿಷಯ ಬದಲಾಯಿಸುವುದು ಕ್ಷೇಮ. ಸರ್ವರ್ ಎಂದ ಕೂಡಲೇ ಹುಬ್ಬು ಹೊರಟಿತು. ಥಂಡಪ್ಪ ಅವಸರದಿಂದ, "ಹೊಸದೇನೂ ತರಲ್ಲ ಮಾರಾಯ್ತಿ, ಎಲ್ಲಾ ಗುಜರಿಯದ್ದೇ" ಅಂದ. ಹುಬ್ಬು ಅರ್ಧದಾರಿಯಲ್ಲಿ ನಿಂತಿತು.

ಗುಜರಿ ಎಂದರೆ ಷಡ್ಡಕನದೇ ಅಂಗಡಿ. ಆಫೀಸುಗಳು ಎಸೆದ ಕಂಪ್ಯೂಟರುಗಳನ್ನು ತಂದು ಬಿಚ್ಚಿ ಮಾರುವುದು ಅವನ ವ್ಯಾಪಾರ. ಯಾವುದೋ ಕಚೇರಿಯಲ್ಲಿ ಜೀವಮಾನವಿಡೀ ಹಾಜರಿ ತೆಗೆದುಕೊಂಡು ನಿವೃತ್ತವಾದ ಒಂದು ಕಂಪ್ಯೂಟರಿನ ಹೂರಣವನ್ನು ಅವನು ಎತ್ತಿಕೊಟ್ಟ. ಡಿಸ್ಕು ಮಾತ್ರ ಪುಕ್ಕಟೆ ಬರಲಿಲ್ಲ.

"ನಿಮ್ಮ ಕ್ಯಾಮೆರಾ ಕೊಡಿ, ಎರಡು ಡಿಸ್ಕು ಒಯ್ಯಿರಿ," ಅಂದ ಷಡ್ಡಕ. "ಆ ಕ್ಯಾಮೆರಾ ಇನ್ನೊಬ್ಬರನ್ನು ನೀರಿಗೆ ತಳ್ಳದೆ ನನ್ನ ಕಣ್ಣೆದುರೇ ಇರಲಿ."

"ಎರಡು ಯಾಕೆ?"

"ಹಳೇ ಡಿಸ್ಕು ಅಂದ್ರೇನೇ ರಿಸ್ಕು. ಅದಕ್ಕೇ ಜೋಡಿ. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ತಾನಾಗೇ ಬರ್ಕೊಳ್ಳುತ್ತೆ. ಮಿರರ್ ಅಂತಾರೆ. ಕನ್ನಡಿ ಇದ್ದ ಹಾಗೆ. ಒಂದು ಕೆಟ್ಟು ಕೂತ್ರೂ ಇನ್ನೊಂದರಲ್ಲಿ ಎಲ್ಲಾ ಹಾಗೇ ಇರುತ್ತೆ."

ಒಂದರಲ್ಲಿ ಹೋದರೂ ಇನ್ನೊಂದರಲ್ಲಿ ಇರುತ್ತೆ, ಎಂದು ಥಂಡಪ್ಪ ಮನಸ್ಸಿನಲ್ಲಿ ಬರೆದುಕೊಂಡ. ಷಡ್ಡಕ ಹೇಳಿದ್ದಕ್ಕೂ ಥಂಡಪ್ಪ ಬರೆದುಕೊಂಡದ್ದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವಿತ್ತು.

ಇನ್ನು ಇದನ್ನೆಲ್ಲ ಇಡುವ ಪೆಟ್ಟಿಗೆ. ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವರ ಮೊದಲ ಫ್ರಿಜ್ಜು ನಿಂತಿತ್ತು. ಕಂಪ್ರೆಸರ್ ಸತ್ತು ಎಷ್ಟೋ ಕಾಲವಾಗಿತ್ತು, ಆದರೆ ಫ್ರಿಜ್ಜಿನವನಿಗೆ ತನ್ನ ಮೊದಲ ಫ್ರಿಜ್ಜನ್ನು ಎಸೆಯಲು ಕೈ ಬರುವುದಿಲ್ಲ. ಅದರ ಬೆನ್ನು ಕೊರೆದು ಗಾಳಿಗೆ ಕಿಂಡಿ ಮಾಡಿದ, ಅದರದೇ ಫ್ಯಾನನ್ನು ತಿರುವಿ ಕೂರಿಸಿದ, ಕೆಳಗಿನ ತಟ್ಟೆಯಲ್ಲಿ ಕಂಪ್ಯೂಟರು, ನಡುವಿನ ತಟ್ಟೆಯಲ್ಲಿ ಜೋಡಿ ಡಿಸ್ಕು. ಬಾಗಿಲು ತೆರೆದರೆ ಹತ್ತುವ ಪುಟ್ಟ ದೀಪವನ್ನು ಮಾತ್ರ ಹಾಗೇ ಬಿಟ್ಟ. ಅದಿಲ್ಲದೆ ಫ್ರಿಜ್ಜಿಗೆ ಮುಖವೇ ಇರುವುದಿಲ್ಲ ಎಂದು ಅವನ ವಾದ. ಅದನ್ನು ತಂದು ಹಾಲ್‌ನಲ್ಲಿ ಟಿವಿಯ ಪಕ್ಕ ನಿಲ್ಲಿಸಿದ. ಮರುದಿನವೇ ಅಮ್ಮ ಮೇಲಿನ ತಟ್ಟೆಯಲ್ಲಿ ಹಾಲಿನ ಪಾತ್ರೆ ಇಟ್ಟರು. ಸರ್ವರಿನ ಬಿಸಿಗೆ ಹಾಲು ಸಂಜೆಯೊಳಗೆ ಒಡೆಯಿತು.

"ಎಂಥಾ ಸರ್ವರನ್ನ ಇಟ್ಕೊಂಡಿದೀಯೋ," ಅಂದರು ಅಮ್ಮ. "ನೀರೂ ತರಲ್ಲ, ಹಾಲೂ ಕಾಯಲ್ಲ."

ಕ್ಯಾಸೆಟ್ಟುಗಳನ್ನು ಹಳೇ ವಿಸಿಆರ್‌ನಲ್ಲಿ ಒಂದೊಂದಾಗಿ ಓಡಿಸಿ ಸರ್ವರಿಗೆ ಇಳಿಸುವ ಕೆಲಸ ಶುರುವಾಯಿತು. ಇಳಿಸಿದ್ದಕ್ಕೆಲ್ಲ ಸರ್ವರ್ ತಾನಾಗಿ ಎಲ್ಲಿಂದಲೋ ಒಂದು ಪೋಸ್ಟರ್ ಹುಡುಕಿ ಅಂಟಿಸುತ್ತಿತ್ತು. ಹೆಸರು ನೋಡಿ ಇದು ಇಂಥ ಸಿನಿಮಾ ಎಂದು ಊಹಿಸುವುದು ಅದರ ಜಾಣತನ. "ಮೊದಲ ಹೆಜ್ಜೆ" ಎಂಬ ಮಗಳ ವಿಡಿಯೋಗೆ ಊರನ್ನೇ ತುಳಿದು ಹಾಕುವ ಒಂದು ದೈತ್ಯ ಪ್ರಾಣಿಯ ಚಿತ್ರ ಬಂತು. "ಅಮ್ಮ ಮತ್ತು ಸೂಜಿ" ಎಂಬುದಕ್ಕೆ ರಕ್ತ ಸೋರುವ ಚಾಕು ಹಿಡಿದ ಹೆಂಗಸು. "ನಮ್ಮ ಮದುವೆ" ಎಂಬುದಕ್ಕೆ ಜೈಲಿನ ಗೋಡೆ ಹಾರುತ್ತಿರುವ ಕೈದಿ. ಹೆಂಡತಿ ಅದನ್ನು ನೋಡಿ, "ಇದೊಂದು ಸರಿಯಾಗಿದೆ, ಬಿಡಿ" ಅಂದಳು. ಆ ದಿನಗಳಲ್ಲಿ ಅವರಿಬ್ಬರೂ ಹಾಲ್‌ನಲ್ಲಿ ಕೂತು ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ. ಇಳಿಸಿ ಮುಗಿದ ಕ್ಯಾಸೆಟ್ಟುಗಳನ್ನು, ಬೂಷ್ಟು ಮನೆಗೆ ಹಬ್ಬದಿರಲಿ ಎಂದು, ಅವಳೇ ಚೀಲ ಕಟ್ಟಿ ಕಸದ ಗಾಡಿಗೆ ಹಾಕುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ, ಹೆಸರೇ ಬರೆಯದ ಒಂದು ಕ್ಯಾಸೆಟ್ಟು ಓಡುತ್ತಿತ್ತು. ಪರದೆಯ ಮೇಲೆ ಹಳೇ ಮನೆಯ ಅಡುಗೆಮನೆ ಬಂತು. ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು ಆಫ್ ಮಾಡಲು ಮರೆತಿದ್ದಾನೆ. ಒಬ್ಬ ತೆಳ್ಳನೆಯ ಯುವಕ, ಬನಿಯನ್ ಹಾಕಿದವನು, ಫ್ರಿಜ್ಜಿನ ಎದುರು ಕೈಕಟ್ಟಿ ನಿಂತಿದ್ದಾನೆ. ಎಲ್ಲ ಕ್ಯಾಸೆಟ್ಟುಗಳಲ್ಲಿ ಬರೀ ದನಿಯಾಗಿದ್ದ ಥಂಡಪ್ಪನಿಗೆ ಮೊದಲ ಸಲ ಮೈ ಬಂದಿತ್ತು.

"ಸರ್, ನಮಸ್ಕಾರ ಸರ್," ಅಂದ ಆ ಯುವಕ ಫ್ರಿಜ್ಜಿಗೆ. "ಒಂದು ವಿಷಯ ಕೇಳೋಣ ಅಂತ ಬಂದೆ ಸರ್."

ಫ್ರಿಜ್ಜು, "ಗುರ್ರ್..."

"ಹಾಗಲ್ಲ ಸರ್. ಸೂಪರ್‌ವೈಸರ್ ಜಾಗ ಖಾಲಿ ಇದೆ ಅಂತ ಎಲ್ಲರೂ ಮಾತಾಡ್ತಿದ್ರು ಸರ್. ನನಗೇ ಕೊಡಿ ಅಂತಲ್ಲ... ಅಂದ್ರೆ, ನನಗೇ ಸರ್."

"ಗುರ್ರ್..."

"ಹಾಗಲ್ಲ ಸರ್! ಆಸೆಬುರುಕತನ ಅಲ್ಲ ಸರ್. ನಾನೂ ಕೆಲಸ ಮಾಡ್ತೀನಲ್ಲ ಸರ್."

ಅಷ್ಟರಲ್ಲಿ ತಂಪು ಸಾಕಾಗಿ ಕಂಪ್ರೆಸರ್ ಟಪ್ ಎಂದು ನಿಂತುಹೋಯಿತು. ಅಡುಗೆಮನೆ ನಿಶ್ಶಬ್ದ. ಯುವಕ ಒಂದು ಕ್ಷಣ ಫ್ರಿಜ್ಜಿನ ಮುಖ ನೋಡಿದ, ಆಮೇಲೆ ಬಗ್ಗಿ, "ಆಗಲಿ ಸರ್, ಇನ್ನೊಂದ್ಸಲ ಬರ್ತೀನಿ ಸರ್" ಅಂತ ಹಿಂದೆ ಹೆಜ್ಜೆ ಇಟ್ಟ.

"ರೀ..." ಎಂದು ಹೊರಗಿನಿಂದ ಒಂದು ಕೂಗು. ಒಳಗೆ ಬಂದವಳು ಹೆಂಡತಿ. ಬಣ್ಣ ಹೋದ ನೈಟಿ, ಬಿಚ್ಚಿದ ಕೂದಲು, ಕೈಯಲ್ಲಿ ಮಗುವಿನ ಒಂದೇ ಕಾಲುಚೀಲ. "ಯಾರ ಹತ್ರ ಮಾತಾಡ್ತಿದ್ರಿ?"

"ಯಾರೂ ಇಲ್ಲ. ಗ್ಯಾಸ್ ಚೆಕ್ ಮಾಡ್ತಿದ್ದೆ."

ಅವಳು ಅವನನ್ನು ಒಮ್ಮೆ ನೋಡಿದಳು. ಹತ್ತಿರ ಬಂದು ಅವನ ಹಣೆಯ ಮೇಲೆ ಅಂಗೈ ಇಟ್ಟಳು. "ಜ್ವರ ಏನಿಲ್ಲ," ಅಂದಳು. ಆ ಅಂಗೈಯ ಕೆಳಗೆ ಯುವಕ ಕಣ್ಣು ಮುಚ್ಚಿಕೊಂಡ. ಕ್ಯಾಸೆಟ್ಟು ಅಲ್ಲಿಗೆ ಮುಗಿದಿತ್ತು.

ಕೋಲ್ಡ್ ಸ್ಟೋರೇಜಿನ ಸಾಹೇಬರ ಎದುರು ಆ ಮಾತನ್ನು ಅವನು ಎಂದೂ ಆಡಲಿಲ್ಲ. ಜಾಗ ಬೇರೊಬ್ಬನಿಗೆ ಹೋಯಿತು. ಕೆಲವು ಕಾಲದ ನಂತರ ಥಂಡಪ್ಪ ಕೆಲಸ ಬಿಟ್ಟು ಅಂಗಡಿ ಹಾಕಿದ, "ಸ್ವಂತದ್ದು ಮಾಡೋಣ ಅನ್ನಿಸ್ತು" ಅಂತ ಎಲ್ಲರಿಗೂ ಹೇಳಿದ. ಎಲ್ಲರೂ ನಂಬಿದ್ದರು, ಹೆಂಡತಿ ಕೂಡ. ಈಗ ಅದೇ ಫ್ರಿಜ್ಜು ಹಾಲ್‌ನಲ್ಲಿ ನಿಂತಿತ್ತು. ಅಂದು ಬರೀ ಸರ್ ಆಗಿದ್ದದ್ದು ಇಂದು ಸರ್ವರ್. ಬಡ್ತಿ ಸಿಕ್ಕಿದ್ದು ಕೊನೆಗೆ ಫ್ರಿಜ್ಜಿಗೆ.

ಅವನು ಹೆಂಡತಿಯನ್ನು ಕರೆದು ತೋರಿಸಿದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

"ನನಗೊಂದು ಮಾತು ಹೇಳಲೇ ಇಲ್ಲವಲ್ಲ ನೀವು."

"ಹೇಳೋಕೆ ಏನಿತ್ತು. ಫ್ರಿಜ್ಜಿಗೆ ಹೇಳಿದ್ನಲ್ಲ." ಆಮೇಲೆ ಅಂದ, "ನೋಡು, ಅಷ್ಟೂ ಕ್ಯಾಸೆಟ್ಟಲ್ಲಿ ನಾನೂ ನೀನೂ ಒಟ್ಟಿಗೆ ಇರೋದು ಇದೊಂದರಲ್ಲೇ. ಮದುವೆಯದ್ರಲ್ಲೂ ಸಹ ನಾನು ಕ್ಯಾಮೆರಾದವನಿಗೆ ಹೇಳ್ಕೊಡ್ತಾ ಆ ಕಡೆ ನಿಂತಿದ್ದೆ. ಇದು ನಮ್ಮಿಬ್ಬರದ್ದೇ ಇರಲಿ. ಬೇರೆ ಯಾರೂ ನೋಡೋದು ಬೇಡ."

"ಇನ್ಯಾರದ್ದು ಮತ್ತೆ?" ಅಂದಳು ಅವಳು.

ಅವನು ಅದಕ್ಕೆ "ಗ್ಯಾಸ್ ಚೆಕ್" ಎಂದು ಯಾರಿಗೂ ತೆರೆಯುವ ಮನಸ್ಸಾಗದ ಹೆಸರಿಟ್ಟ. ಸರ್ವರ್ ಅದಕ್ಕೆ ಹೊಗೆ ಕಾರುವ ಕಾರ್ಖಾನೆಯ ಪೋಸ್ಟರ್ ಅಂಟಿಸಿತು.

ಭಾನುವಾರದ ಸಂಜೆಗಳು ಸೊಗಸಾಗಿ ನಡೆದವು. ಷಡ್ಡಕ, ಅವನ ಹೆಂಡತಿ, ಮಗಳು, ಅಮ್ಮ, ಎಲ್ಲರೂ ಒಂದೇ ಪರದೆಯ ಎದುರು ಕೂತರು. ಷಡ್ಡಕ ನೀರಿಗೆ ಬೀಳುವ ಭಾಗವನ್ನು ಜನ ಮತ್ತೆ ಮತ್ತೆ ಹಾಕಿಸಿಕೊಂಡರು. ಷಡ್ಡಕನೂ ನಕ್ಕ. ಸರ್ವರಿಗೂ ಸಂತೋಷ ಕೊಡುವುದೇ ಸರ್ವರ್ ಎಂದು ಥಂಡಪ್ಪ ಆ ದಿನಗಳಲ್ಲಿ ತಾನೇ ಕಟ್ಟಿದ ಜೋಕನ್ನು ಗಿರಾಕಿಗಳಿಗೂ ಹೇಳುತ್ತಿದ್ದ.

ಮೊದಲು ಅದು ಕೇಳಿಸಿದ್ದು ಕಟಿಂಗ್ ಶಾಪಿನಲ್ಲಿ. ಕುರ್ಚಿಯಲ್ಲಿ ಕೂತು, "ಮೀಸೆ ಸ್ವಲ್ಪ ಸಣ್ಣ ಮಾಡಪ್ಪ" ಅಂದ.

"ಹಾಗಲ್ಲ ಸರ್," ಅಂದ ಕ್ಷೌರಿಕ.

"ಹಾಗಲ್ಲದೆ ಮತ್ತೆ ಹೇಗೆ?"

"ಹಾಗಲ್ಲ ಸರ್! ಆಸೆಬುರುಕತನ ಅಲ್ಲ ಸರ್!" ಅಂದು ಕ್ಷೌರಿಕ ಕತ್ತರಿ ಹಿಡಿದೇ ಕೈಕಟ್ಟಿ ನಿಂತ. ಬೆಂಚಿನ ಮೇಲೆ ಪೇಪರು ಓದುತ್ತಿದ್ದವರೊಬ್ಬರು ಮುಖ ಎತ್ತದೆ "ಗುರ್ರ್" ಅಂದರು. ಇಡೀ ಶಾಪು ನಕ್ಕಿತು. ಎದುರಿನ ಕನ್ನಡಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತ ಥಂಡಪ್ಪನೊಬ್ಬ ನಗದೆ ಕೂತಿದ್ದ.

"ಬೇಜಾರಾಗಬೇಡಿ ಅಣ್ಣ," ಅಂದ ಕ್ಷೌರಿಕ, ಮುಖ ನೋಡಿ. "ಎಲ್ಲರ ಫೋನಲ್ಲೂ ಇದೆ. ನಮ್ಮ ಮನೇಲಿ ನನ್ನ ಹೆಂಡ್ತಿ ಹತ್ರ ಏನಾದ್ರೂ ಕೇಳಬೇಕಿದ್ರೆ ನಾನೂ ಈಗ ಫ್ರಿಜ್ಜಿನ ಎದುರೇ ನಿಂತ್ಕೋತೀನಿ." ಅವನು ಫೋನು ತೆಗೆದು ತೋರಿಸಿದ. "ಕೊನೆಗೆ ಒಂದು 'ರ್' ಅನ್ನುತ್ತೆ ನೋಡಿ, ಅಲ್ಲಿ ಹೊಟ್ಟೆ ಹುಣ್ಣಾಗುತ್ತೆ. ಸುಮ್ಮನಾದ ಫ್ರಿಜ್ಜು ಮತ್ತೆ ಶುರುಮಾಡಿ ಉಗಿದ ಹಾಗೆ!"

ಥಂಡಪ್ಪ ನೋಡಿದ. ತನ್ನದೇ ಬನಿಯನ್, ತನ್ನದೇ ಕೈಕಟ್ಟು. ಅರ್ಧ ಕತ್ತರಿಸಿದ ಮೀಸೆಯಲ್ಲೇ ಎದ್ದು ಹೊರಟ.

ಅವನ ಮೊದಲ ಅನುಮಾನ ಯಂತ್ರದ ಮೇಲೆ. ಎಲ್ಲೋ ಒಂದು ಬಾಗಿಲು ತೆರೆದಿರಬೇಕು. ಎರಡನೆಯ ಅನುಮಾನ ಆ ಬಾಗಿಲು ಕೂರಿಸಿದವನ ಮೇಲೆ. ಹೊರಗಿನಿಂದಲೂ ಮನೆಯವರು ನೋಡಬಹುದು ಎಂದು ಸರ್ವರಿಗೆ ಪಾಸ್‌ವರ್ಡ್ ಹಾಕಿಕೊಟ್ಟವನು ಷಡ್ಡಕನೇ ತಾನೇ. ನೀರಿಗೆ ಬಿದ್ದವನು ಈಗ ಹಗೆ ತೀರಿಸಿಕೊಂಡ ಎಂದುಕೊಂಡು ಥಂಡಪ್ಪ ಗುಜರಿ ಅಂಗಡಿಗೆ ನಡೆದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಬಿಸಿ ಹತ್ತಿತ್ತು.

"ನನ್ನ ಮನೆಯೊಳಗಿನದ್ದನ್ನ ಬೀದಿಗೆ ಹಾಕಿದ್ರಲ್ಲ, ಷಡ್ಡಕರು ಅನ್ನೋದನ್ನ ಸಾರ್ಥಕ ಮಾಡಿದ್ರಿ!"

ಷಡ್ಡಕ ಬಿಚ್ಚಿದ ಕೀಬೋರ್ಡೊಂದನ್ನು ಕೆಳಗಿಟ್ಟ. "ಅಯ್ಯೋ, ನಿಮ್ಮ ಸರ್ವರ್ ನಾನ್ಯಾಕ್ರೀ ಮುಟ್ಟಲಿ? ಗ್ರೂಪಿಗೆ ಬಂತು, ನಗು ತಡೀಲಿಲ್ಲ, ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದೆ. ಆ ನಾಲ್ಕು ಜನ ನನಗಿಂತ ಫಾರ್ವರ್ಡ್ ಅಂತ ನನಗೇನ್ ಗೊತ್ತು?"

"ಯಾವ ಗ್ರೂಪು?"

"ಅದೇ, ಮನೆಯವರೆಲ್ಲ ಇರೋ ಗ್ರೂಪು."

"ನಾನಿಲ್ಲವಲ್ಲ ಅದರಲ್ಲಿ."

ಷಡ್ಡಕ ಕಿವಿ ಕೆರೆದುಕೊಂಡ. "ನೀವು... ನೀವು ಸ್ವಲ್ಪ ಸೀರಿಯಸ್ಸು ನೋಡಿ. ಅದರಲ್ಲಿ ಬರೀ ತಮಾಷೆ ಬರುತ್ತೆ. ಅದಕ್ಕೇ ಹಾಕಿರಲಿಲ್ಲ."

ಮನೆಯವರನ್ನೆಲ್ಲ ತೆಗೆದವನನ್ನು ಮನೆಯವರೆಲ್ಲ ಸೇರಿ ಹೀಗೆ ಹೊರಗೇ ನಿಲ್ಲಿಸಿದ್ದರು. "ಗ್ರೂಪಿಗೆ ಹಾಕಿದ್ದು ಯಾರು?" ಅಂತ ಕೇಳಿದ.

"ನೆನಪಿಲ್ಲಪ್ಪ," ಅಂದ ಷಡ್ಡಕ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಂತೆ ಕೀಬೋರ್ಡಿನ ಒಂದು ಗುಂಡಿಯನ್ನು ಎತ್ತಿಕೊಂಡು ಅದರ ಅಕ್ಷರ ಓದತೊಡಗಿದ. "ನೀವು ಬೇಕಾದ್ರೆ ಒಂದ್ಸಲ ನೋಡಿ, ನಿಮಗೂ ನಗು ಬರುತ್ತೆ." ತನ್ನ ಫೋನು ಮುಂದೆ ಹಿಡಿದ.

ಥಂಡಪ್ಪ ಎರಡನೆಯ ಸಲ ನೋಡಿದ. ಕಂಪ್ರೆಸರ್ ಟಪ್ ಎಂದಿತು. ಆಗಲಿ ಸರ್, ಇನ್ನೊಂದ್ಸಲ ಬರ್ತೀನಿ ಸರ್. ಒಂದು ಹೆಜ್ಜೆ ಹಿಂದೆ. "ರ್". ಅಲ್ಲಿಗೆ ಮುಗಿಯಿತು.

ಆ ಊರಿನಲ್ಲಿ ಎಷ್ಟೋ ಜನ ಅದನ್ನು ನೋಡಿದ್ದರು, ಅದು ಫ್ರಿಜ್ಜಿನ ಸದ್ದು ಎಂದು ನಕ್ಕಿದ್ದರು. ಆದರೆ ಆಗತಾನೇ ನಿಂತ ಕಂಪ್ರೆಸರ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಹೊರಡುವುದಿಲ್ಲ. ಅದಕ್ಕೆ ದಣಿವಾರಿಸಿಕೊಳ್ಳಲು ಹೊತ್ತು ಬೇಕು. ಅದು ಫ್ರಿಜ್ಜಲ್ಲ. ಅದು "ರೀ" ಎಂಬುದರ ಅರ್ಧ. ಕೂಗಿನ ಸ್ವರವನ್ನು ಕತ್ತರಿಸಿದ ಮೇಲೆ ಉಳಿದ ಒಂದು ಒತ್ತಿಲ್ಲದ, ಗುಡಿಸಿಲ್ಲದ, ಅನಾಥ ಅರ್ಧಾಕ್ಷರ.

ಬೇರೆ ಯಾರೇ ಕದ್ದಿದ್ದರೂ ಪೂರ್ತಿ ಕದಿಯುತ್ತಿದ್ದರು. ಹಣೆ ಮುಟ್ಟಿ ಜ್ವರ ನೋಡುವುದು ಎಲ್ಲಕ್ಕಿಂತ ತಮಾಷೆ ಅಲ್ಲವೇ? ಅದನ್ನು ಬಿಡುವ ಮನಸ್ಸು ಯಾವ ಷಡ್ಡಕನಿಗೆ ಬಂದೀತು? ಸರಿಯಾಗಿ ಅಲ್ಲಿಯೇ, ಇನ್ನೊಂದು ಅಕ್ಷರ ಮುಂದೆ ಹೋಗದಂತೆ ಕತ್ತರಿ ಹಾಕಬೇಕಾದ ಗರಜು ಇಡೀ ಲೋಕದಲ್ಲಿ ಒಬ್ಬಳಿಗೇ ಇತ್ತು.

ಮನೆಗೆ ಹೋಗಿ ಅವನು ಏನೂ ಕೇಳಲಿಲ್ಲ. ಮೀಸೆಯ ಉಳಿದರ್ಧವನ್ನೂ ತಾನೇ ತೆಗೆದುಬಿಟ್ಟ. "ಇದೇನ್ರೀ ಇದು, ಬೋಳು ಬೋಳು," ಅಂದಳು ಹೆಂಡತಿ. "ಅರ್ಧ ಕತ್ತರಿಸಿದ್ದು ಚೆನ್ನಾಗಿರಲ್ಲ," ಅಂದ ಅವನು. ಅವಳಿಗೆ ಹೊಳೆಯಲಿಲ್ಲ.

ಭಾನುವಾರ ಬಂತು. ಎಲ್ಲರೂ ಕೂತರು. ಷಡ್ಡಕ ಮಾತ್ರ ಬಾಗಿಲ ಹತ್ತಿರದ ಕುರ್ಚಿ ಹಿಡಿದ. ಏನು ಹಾಕಲಿ ಎಂದು ಥಂಡಪ್ಪ ಕೇಳಲಿಲ್ಲ. ಹೊಗೆ ಕಾರುವ ಕಾರ್ಖಾನೆಯ ಪೋಸ್ಟರನ್ನು ಒತ್ತಿದ.

ಪರದೆಯ ಮೇಲೆ ಬನಿಯನ್ ಬಂದ ಕೂಡಲೇ ಮೊದಲು ಎಲ್ಲರೂ ಗಪ್‌ಚಿಪ್. ಮಗಳು "ಅಪ್ಪಾ..." ಅಂದಳು ಮೆಲ್ಲಗೆ. ಆದರೆ ಥಂಡಪ್ಪನೇ ಮುಗುಳ್ನಗುತ್ತಿದ್ದುದನ್ನು ಕಂಡು ಧೈರ್ಯ ಬಂತು. ಮೊದಲ "ಗುರ್ರ್"ಗೆ ಒಬ್ಬರು ನಕ್ಕರು, ಎರಡನೆಯದಕ್ಕೆ ಎಲ್ಲರೂ. "ಯಾರೋ ಇದು, ಪಾಪ, ಫ್ರಿಜ್ಜಿಗೆ ನಮಸ್ಕಾರ ಮಾಡ್ತಿರೋದು?" ಎಂದು ಅಮ್ಮ ಕೇಳಿದ್ದಕ್ಕೆ ಇನ್ನೊಂದು ಸುತ್ತು ನಗು. ಹೆಂಡತಿ ನಗಲಿಲ್ಲ. ಅವಳಿಗೆ ಮುಂದೆ ಏನು ಬರುತ್ತದೆ ಎಂದು ಗೊತ್ತಿತ್ತು. ಬಣ್ಣ ಹೋದ ನೈಟಿ ಇನ್ನೇನು ಬಂದೇಬಿಡುತ್ತದೆ ಎಂದು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

ಟಪ್. ಆಗಲಿ ಸರ್. ಹಿಂದೆ ಒಂದು ಹೆಜ್ಜೆ. "ರ್..."

ಥಂಡಪ್ಪ ನಿಲ್ಲಿಸಿದ. ಅವಳು ಎಲ್ಲಿ ಕತ್ತರಿಸಿದ್ದಳೋ ಅಲ್ಲಿಯೇ, ಒಂದು ಎಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಹಾಲ್ ತುಂಬಾ ಚಪ್ಪಾಳೆ. ಆ ಗದ್ದಲದಲ್ಲಿ ಅವನು ಹೆಂಡತಿಯ ಕಡೆ ತಿರುಗಿ ನೋಡಿದ. ಅವಳ ಎಡಹುಬ್ಬು ಏರಲಿಲ್ಲ, ಇಳಿಯಲಿಲ್ಲ. ಅದಕ್ಕೆ ಹೋಗಲು ಜಾಗವೇ ಇರಲಿಲ್ಲ.

ನೆಂಟರು ಹೋದ ಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಹಾಗಲ್ಲ ರೀ..."

"ಸರ್ ಅನ್ನು. ಊರೆಲ್ಲಾ ಹಾಗೇ ಅನ್ನುತ್ತೆ."

"ಅಕ್ಕನಿಗೆ ಮಾತ್ರ ಅಂತ ಕಳಿಸಿದ್ದು. ಅವಳು ಅವತ್ತು ತುಂಬಾ ಬೇಜಾರಲ್ಲಿದ್ಲು, ನಗಲಿ ಅಂತ. ಕೈ ತಪ್ಪಿ ಗ್ರೂಪಿಗೆ ಹೋಯ್ತು. ಎಲ್ಲರೂ ನಗೋಕೆ ಶುರುಮಾಡಿದ್ರು. ಆಮೇಲೆ ಹೇಗೆ ತೆಗೀಲಿ?"

"ಕೈ ತಪ್ಪಿ ಕಳಿಸಬಹುದು. ಕೈ ತಪ್ಪಿ ಕತ್ತರಿಸೋಕಾಗಲ್ಲ."

ಅವಳು ಸಣ್ಣ ದನಿಯಲ್ಲಿ, "ನಾನು ನೈಟಿಯಲ್ಲಿದ್ದೆ," ಅಂದಳು.

"ನಾನು ಬನಿಯನ್‌ನಲ್ಲಿದ್ದೆ," ಅಂದ ಥಂಡಪ್ಪ.

ಅವಳಿಗೆ ಸಿಟ್ಟು ಬಂತು. "ಒಂದು ತಮಾಷೆಗೆ ಇಷ್ಟು ದೊಡ್ಡದು ಮಾಡ್ತೀರಲ್ಲ! ಅಷ್ಟು ನೋವಾದ್ರೆ ಅಳಿಸಿಹಾಕಿ ಅದನ್ನ. ಇರಲೇಬೇಡಿ ಅದು."

ಅವನು ಎದ್ದು ಹೋಗಿ, ಅವಳು ನೋಡುತ್ತಿರುವಂತೆಯೇ ಅಳಿಸಿದ. ಕಾರ್ಖಾನೆ ಹೊಗೆಯ ಸಮೇತ ಮಾಯವಾಯಿತು. ಅವನ ಲೆಕ್ಕದಲ್ಲಿ ಅವನಿಗೆ ಸಿಟ್ಟಿದ್ದದ್ದು ಒಂದು ಡಿಸ್ಕಿನ ಮೇಲೆ ಮಾತ್ರ. ಇನ್ನೊಂದರ ಮೇಲೆ ನಂಬಿಕೆ ಹಾಗೇ ಇತ್ತು. ಕನ್ನಡಿ ಇದೆಯಲ್ಲ.

ಅದಾದ ಮೇಲೆ ಮನೆ ತಣ್ಣಗಾಯಿತು, ಅವನ ಕಸುಬಿನ ತಂಪಲ್ಲ, ಬೇರೆಯದು. ಊಟಕ್ಕೆ ಕರೆದರೆ ಬಂದ, ಕೇಳಿದ್ದಕ್ಕೆ ಹೇಳಿದ. ಕೋಲ್ಡ್ ಸ್ಟೋರೇಜಿನಿಂದ ರಿಪೇರಿಗೆ ಕರೆ ಬಂದಾಗ ಹೋಗಲಿಲ್ಲ. ಅಲ್ಲಿನ ಕಾವಲುಗಾರ ಫೋನಿನಲ್ಲೇ ಗುರ್ರ್ ಅಂದಿದ್ದ. ಭಾನುವಾರಗಳಲ್ಲಿ ಟಿವಿ ಹತ್ತಲಿಲ್ಲ. ಎಲ್ಲರೂ ಮತ್ತೆ ತಮ್ಮ ತಮ್ಮ ಫೋನುಗಳಿಗೆ ಮರಳಿದರು, ಒಬ್ಬರು ಅಳುತ್ತಾ, ಒಬ್ಬರು ನಗುತ್ತಾ.

ಒಂದು ದಿನ ಮಧ್ಯಾಹ್ನ ಅಂಗಡಿಗೆ ಗಿರಾಕಿಗಳಿರಲಿಲ್ಲ. ಬೇಗ ಮನೆಗೆ ಬಂದ. ಸಿಟ್ಟು ಹೋಗಿರಲಿಲ್ಲ, ಆದರೆ ಆ ಅಂಗೈಯನ್ನು ಒಮ್ಮೆ ನೋಡಬೇಕು ಅನ್ನಿಸಿತು. ಕ್ಯಾಸೆಟ್ಟಿನೊಳಗಿನ ಆ ಹುಡುಗಿ ಅವನನ್ನು ನೋಡಿ ನಕ್ಕಿರಲಿಲ್ಲ, ಜ್ವರ ಇದೆಯಾ ಎಂದು ಮುಟ್ಟಿ ನೋಡಿದ್ದಳು. ಫ್ರಿಜ್ಜಿನ ಬಾಗಿಲು ತೆರೆದ. ದೀಪ ಹತ್ತಿತು. ಸಿಟ್ಟಿನ ಡಿಸ್ಕನ್ನು ಕಳಚಿ ಪಕ್ಕಕ್ಕಿಟ್ಟು, ನಂಬಿಕೆಯ ಡಿಸ್ಕಿನಿಂದ ಮಾತ್ರ ಸರ್ವರನ್ನು ಓಡಿಸಿದ. ಮೊದಲ ಹೆಜ್ಜೆ ಇತ್ತು, ಸೂಜಿ ಇತ್ತು, ಕೆರೆ ಇತ್ತು. ಗ್ಯಾಸ್ ಚೆಕ್ ಇರಲಿಲ್ಲ.

ಷಡ್ಡಕನಿಗೆ ಫೋನು ಹಚ್ಚಿದ. "ಒಂದರಲ್ಲಿ ಹೋದ್ರೂ ಇನ್ನೊಂದರಲ್ಲಿ ಇರುತ್ತೆ ಅಂದಿದ್ರಲ್ಲ?"

"ಡಿಸ್ಕು ಕೆಟ್ಟುಹೋಯ್ತಾ?"

"ಕೆಡಲಿಲ್ಲ. ನಾನೇ ಅಳಿಸಿದೆ."

"ಅಯ್ಯೋ ಮಹಾರಾಯ!" ಅಂದ ಷಡ್ಡಕ. "ಕನ್ನಡಿ ಎದುರು ನಿಂತು ಮೀಸೆ ಬೋಳಿಸಿಕೊಂಡ್ರೆ ಕನ್ನಡಿಯೊಳಗಿನವನಿಗೆ ಮಾತ್ರ ಮೀಸೆ ಉಳಿಯುತ್ತೇನ್ರೀ? ನೀವು ಅಳಿಸಿದ ತಕ್ಷಣ ಅದೂ ಅಳಿಸ್ಕೊಳ್ಳುತ್ತೆ. ಯಾವುದು ಹೋಯ್ತು?"

ಥಂಡಪ್ಪ ಬೋಳು ತುಟಿಯನ್ನು ಸವರಿಕೊಂಡ. "ಗ್ಯಾಸ್ ಚೆಕ್."

"ಗ್ಯಾಸ್ ಚೆಕ್ ಅಂದ್ರೆ?"

"ಹಾಗಲ್ಲ ಸರ್."

"ಓ, ಅದಾ! ಅದಕ್ಯಾಕೆ ಇಷ್ಟು ತಲೆಬಿಸಿ? ನನ್ನ ಫೋನಲ್ಲೇ ಇದೆಯಲ್ಲ, ಊರಲ್ಲೆಲ್ಲಾ ಇದೆ. ಇರಿ, ಈಗಲೇ ಕಳಿಸ್ತೀನಿ." ಷಡ್ಡಕನ ದನಿಯಲ್ಲಿ ತಪ್ಪು ತೊಳೆದುಕೊಳ್ಳುವವನ ಉತ್ಸಾಹವಿತ್ತು.

ಕೈಯಲ್ಲಿದ್ದ ಫೋನು ಟಿಂಗ್ ಎಂದಿತು. ಯಾರೂ ನೋಡಬಾರದು ಎಂದುಕೊಂಡಿದ್ದ ಭಾಗ ಎಲ್ಲರ ಬಳಿಯೂ ಇತ್ತು. ತನಗೆ ಬೇಕಿದ್ದ ಭಾಗ ಈಗ ಯಾರ ಬಳಿಯೂ ಇರಲಿಲ್ಲ. ಕ್ಯಾಸೆಟ್ಟು ಕಸದ ಗಾಡಿಯಲ್ಲಿ ಹೋಗಿತ್ತು. ಅವನು ಒತ್ತಿದ. ನಮಸ್ಕಾರ ಸರ್. ಗುರ್ರ್. ಹಾಗಲ್ಲ ಸರ್. ಟಪ್. ಆಗಲಿ ಸರ್, ಇನ್ನೊಂದ್ಸಲ ಬರ್ತೀನಿ ಸರ್. "ರ್".

"...ರೀ," ಎಂದು ಹಿಂದಿನಿಂದ ಕೇಳಿಸಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಫೋನಿನ ಮಾತು ಕೇಳಿಸಿಕೊಂಡಿದ್ದಳು. "ಪೂರ್ತಿ ಹೋಯ್ತಾ?"

ಅವನು ತಲೆಯಾಡಿಸಿದ.

ಅವಳು ಒಳಗೆ ಬಂದಳು. ಫ್ರಿಜ್ಜಿನ ಪುಟ್ಟ ದೀಪದ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವನ ಎದುರು ನಿಂತು ಅಂಗೈಯನ್ನು ಅವನ ಹಣೆಯ ಕಡೆಗೆ ಎತ್ತಿದಳು.

ಥಂಡಪ್ಪ ಬಲಗಣ್ಣನ್ನು ಕಿರಿದು ಮಾಡಿದ. ಎರಡೂ ಕೈಗಳನ್ನು ಎತ್ತಿ, ಷಡ್ಡಕನ ಅಂಗಡಿ ಸೇರಿದ ಕ್ಯಾಮೆರಾ ಇನ್ನೂ ಹೆಗಲ ಮೇಲೇ ಇರುವವನಂತೆ ಹಿಡಿದ.

"ಸ್ವಲ್ಪ ಹಿಂದೆ," ಅಂದ.

ಅವಳು ತಮಾಷೆ ಎಂದುಕೊಂಡು ಅರೆಬರೆ ನಕ್ಕು ಒಂದು ಹೆಜ್ಜೆ ಹಿಂದೆ ಹೋದಳು.

"ಇನ್ನೂ ಸ್ವಲ್ಪ ಹಿಂದೆ."

ನಗು ನಿಂತಿತು. ಅವಳು ಹೊಸ್ತಿಲವರೆಗೆ ಹೋದಳು. ಅವನು ಅವಳನ್ನು ಅಲ್ಲಿ, ಆ ದೂರದಲ್ಲಿ, ಬಹಳ ಹೊತ್ತು ನೋಡಿದ. ಆಮೇಲೆ ಕೈ ಇಳಿಸಿ ಫ್ರಿಜ್ಜಿನ ಬಾಗಿಲು ಹಾಕಿದ. ದೀಪ ಆರಿತು.